ಮುದ್ದೆ ಕಟ್ಟುವ ಕೈ

ಕೆ.ಆರ್.ಎಸ್. ಬಸ್‌ಸ್ಟಾಂಡಿನಿಂದ ನಮ್ಮ ನೀರಾವರಿ ಇಲಾಖೆಯ ಕ್ವಾರ್ಟರ್ಸಿಗೆ ಹೋಗುವ ದಾರಿಯಲ್ಲಿ ಬೋರ್ಡಿಲ್ಲದ ಒಂದು ಮೆಸ್ಸಿದೆ. ಬೋರ್ಡು ಬೇಕಾಗಿಯೂ ಇಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಆ ಕಡೆ ಕಾಲು ಹಾಕಿದರೆ ಬಸ್ಸಾರಿನ ಒಗ್ಗರಣೆ ತಾನೇ ಒಳಗೆ ಕರೆದುಕೊಂಡು ಹೋಗುತ್ತದೆ. ಹೆಂಡತಿ ಮಕ್ಕಳು ಮೈಸೂರಿನಲ್ಲಿ, ನಾನು ಇಲ್ಲಿ. ಹದಿನಾಲ್ಕು ವರ್ಷದಿಂದ ವಾರಕ್ಕೆ ಐದು ದಿನ ನಾನು ಉಣ್ಣುವುದು ಚಿಕ್ಕಬೋರಮ್ಮನ ಕೈ ಊಟ. ಊಟದ ವಿಷಯದಲ್ಲಿ ಈ ಲೋಕೇಶನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಲಾಖೆಯಲ್ಲೆಲ್ಲ ನನಗೆ ಹೆಸರಿದೆ, ಇರಲಿ. ಅಂಥ ನಾನು ಇಷ್ಟು ವರ್ಷದಲ್ಲಿ ಆಕೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ್ದು ಒಂದೇ ಒಂದು ದಿನ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಆದರೆ ಆ ದಿನಕ್ಕೆ ಬರುವ ಮೊದಲು ಬೋರಮ್ಮಕ್ಕ ಯಾರು ಅಂತ ಹೇಳಬೇಕು.

ಆಕೆ ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ ಕಡೆಯವಳು. ಗಂಡ ಕರಿಯಯ್ಯ ನಮ್ಮ ಇಲಾಖೆಯಲ್ಲೇ ದಿನಗೂಲಿಗಿದ್ದ. ಬೆನ್ನು ಹಿಡಿದುಕೊಂಡು ಅವನು ಮನೆಯಲ್ಲಿ ಕೂತಾಗ ಆಕೆ ಒಂದು ಪಾತ್ರೆ, ಒಂದು ಹಿಟ್ಟಿನ ಕೋಲು ಇಟ್ಟುಕೊಂಡು ಮೆಸ್ಸು ಶುರುಮಾಡಿದಳು. ನಾನು ಮೊದಲು ನೋಡಿದಾಗ ಬೋರಮ್ಮಕ್ಕ ಎಂದರೆ ಬಾಗಿಲು ತುಂಬ ಬೋರಮ್ಮಕ್ಕ. ನೂರ ಇಪ್ಪತ್ತನಾಲ್ಕು ಕೆಜಿ. ಸಕ್ಕರೆ ಕಾಯಿಲೆ, ಬಿಪಿ, ಸವೆದ ಮಂಡಿ ಎಲ್ಲ ಜೊತೆಗಿದ್ದವು. ಅರವತ್ತು ಜನಕ್ಕಾಗುವಷ್ಟು ಹಿಟ್ಟನ್ನು ಸ್ಟೂಲಿನ ಮೇಲೆ ಕೂತೇ ತಿರುವುತ್ತಿದ್ದಳು. ಉಂಡು ಕೈ ತೊಳೆಯುವಾಗ ನಮ್ಮವರು ಆಕೆಯ ಮೈ ಬಗ್ಗೆ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಉಂಡ ಮನೆಯಲ್ಲಿ ನಿಂತು ಅಂಥ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಒಂಬತ್ತು ವರ್ಷದ ಹಿಂದೆ ಆಕೆಯ ಕಾಲಿನಲ್ಲೊಂದು ಗಾಯವಾಗಿ ಆರು ತಿಂಗಳಾದರೂ ಮಾಯಲಿಲ್ಲ. ಹೀಗೇ ಬಿಟ್ಟರೆ ಕಾಲನ್ನೇ ತೆಗೆಯಬೇಕಾದೀತು ಎಂದರು ಮೈಸೂರಿನ ಡಾಕ್ಟರು. ತೂಕ ಇಳಿಸುವ ಒಂದು ಆಪರೇಷನ್ನಿದೆ, ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳನ್ನು ಬೇರೆ ಕಡೆ ಜೋಡಿಸುತ್ತಾರೆ ಎಂದೂ ಹೇಳಿದರು. ಕರಿಯಯ್ಯ ಬೇಡವೇ ಬೇಡ ಅಂತ ಅತ್ತ. ಆಕೆ ಮಾತ್ರ, "ಕಾಲು ಕುಯ್ಯೋಕೆ ಮುಂಚೆ ಒಟ್ಟೇನೇ ಕುಯ್ದ್ಬುಡ್ಲಿ ತಗೋ," ಎಂದು ಹೋಗಿ ಮಲಗಿಬಿಟ್ಟಳು.

ವಾಪಸು ಬಂದ ಬೋರಮ್ಮಕ್ಕ ಒಂದೂವರೆ ವರ್ಷದಲ್ಲಿ ಅರ್ಧಕ್ಕೆ ಇಳಿದಳು. ಸಕ್ಕರೆ ಕಾಯಿಲೆ ಹೇಳಹೆಸರಿಲ್ಲದಂತೆ ಹೋಯಿತು, ಗಾಯ ಮಾಯಿತು. ಇದನ್ನು ಕೇಳಿದವರು ಅಷ್ಟೇ ಅಲ್ಲವೇ ಎಂದುಕೊಳ್ಳುತ್ತಾರೆ. ಅಷ್ಟೇ ಅಲ್ಲ. ಮೊದಲ ವರ್ಷ ತಲೆಗೂದಲು ಹಿಡಿ ಹಿಡಿಯಾಗಿ ಬಂತು. ತೋಳಿನ ಚರ್ಮ ಜೋತುಬಿತ್ತು, ಅದನ್ನು ಮುಚ್ಚಲು ಉದ್ದ ತೋಳಿನ ರವಿಕೆ ಹೊಲಿಸಿಕೊಂಡಳು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಮುದ್ದೆಯದು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ಆಕೆ ಹಾಗೆ ನುಂಗಿದರೆ ಎದೆಯಲ್ಲೇ ಸಿಕ್ಕಿಕೊಂಡು ವಾಂತಿಯಾಗುತ್ತಿತ್ತು. ನಲವತ್ತೇಳನೇ ವಯಸ್ಸಿನಲ್ಲಿ ಬೋರಮ್ಮಕ್ಕ ಮುದ್ದೆ ಅಗಿಯಲು ಕಲಿತಳು. ನಿಂಬೆಹಣ್ಣಿನ ಗಾತ್ರದ ಮುದ್ದೆಗೆ ಅರ್ಧ ಗಂಟೆ. ಹೀಗೆ ದಿನಕ್ಕೆ ಆರು ಸಲ, ಪುಟ್ಟ ಬಟ್ಟಲಿನಲ್ಲಿ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಸಿಹಿ ಮುಟ್ಟುವಂತಿಲ್ಲ. ಒಂದು ಹಬ್ಬದ ದಿನ ಆಸೆ ತಡೆಯದೆ ಅರ್ಧ ಹೋಳಿಗೆ ತಿಂದಳು. ಮೈಯೆಲ್ಲ ಬೆವರಿ, ಎದೆ ಡವಡವ ಹೊಡೆದುಕೊಂಡು, ಅಕ್ಕಿ ಮೂಟೆಯ ಮೇಲೆ ಅರ್ಧ ಗಂಟೆ ಮಲಗಿದ್ದಳು. ಆಮೇಲೆ ಎದ್ದು ನಮಗೆಲ್ಲ ಬಡಿಸಿದಳು.

"ಅಸಿವೇ ಆಗಕಿಲ್ವೇನಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಅಸಿವು ಎಲ್ಲೂ ಓಗಿಲ್ಲ ಕಣಪ್ಪ, ಜಾಗ ಓಗದೆ," ಎಂದಳು.

ಹಸಿವಿಟ್ಟುಕೊಂಡು, ಅರವತ್ತು ಜನರ ಅಡುಗೆಯ ಘಮದ ನಡುವೆ ನಿಂತು, ಒಂದು ತುತ್ತನ್ನೂ ಅಳತೆ ಮೀರಿ ಬಾಯಿಗಿಡದವಳು ಆಕೆ. ನಾನಾಗಿದ್ದರೆ ಎರಡನೇ ವಾರಕ್ಕೇ ಮೆಸ್ಸಿಗೆ ಬೀಗ ಹಾಕಿ ಓಡಿಹೋಗುತ್ತಿದ್ದೆ. ನಮ್ಮ ಜನರ ಬಾಯಿ ಆಗಲೂ ಸುಮ್ಮನಿರಲಿಲ್ಲ. ದಪ್ಪಗಿದ್ದಾಗ ನಕ್ಕವರೇ ಈಗ, ಏನೋ ದೊಡ್ಡ ಕಾಯಿಲೆಯಂತೆ, ಅಡುಗೆಯವಳೇ ಉಣ್ಣಲ್ಲವಂತೆ ಎಂದು ಪಿಸುಗುಟ್ಟಿದರು. ಬೋರಮ್ಮಕ್ಕ ಸೌಟು ಹಿಡಿದುಕೊಂಡು ಬಂದು, "ಒಟ್ಟೆ ಆಪರೇಸನ್ ಆಗದೆ ಕಣ್ರಪ್ಪ. ನೋಡ್ಬೇಕಾ, ಡಾಕ್ಟ್ರು ಆಕಿರೋ ಒಲಿಗೆ ತೋರುಸ್ಲಾ?" ಎಂದು ಕೇಳಿದ ಮೇಲೆ ಪಿಸುಮಾತು ನಿಂತಿತು.

ಇಂಥ ಗಟ್ಟಿಗಿತ್ತಿಯೂ ಒಂದು ತಪ್ಪು ಮಾಡಿದಳು. ಅದರಲ್ಲಿ ನನ್ನ ಪಾಲೂ ಇದೆ. ಹೀಗೆ ಕರುಳು ಜೋಡಿಸಿದವರಿಗೆ ತಿಂದದ್ದರ ಸತ್ವ ಪೂರ್ತಿ ಮೈಗೆ ಹತ್ತುವುದಿಲ್ಲ, ಅದಕ್ಕೇ ವಿಟಮಿನ್ ಮಾತ್ರೆ, ಬಿ ಟ್ವೆಲ್ವ್ ಇಂಜೆಕ್ಷನ್ನು ಜೀವ ಇರುವ ತನಕ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಮೂರು ವರ್ಷ ಶಿಸ್ತಾಗಿ ತೆಗೆದುಕೊಂಡಳು. ಆಮೇಲೆ ಒಂದು ದಿನ ಡಬ್ಬಿಯನ್ನು ಅಟ್ಟದ ಮೇಲೆ ಎಸೆದು, "ಮೂರೊತ್ತೂ ರಾಗಿ ಉಣ್ಣೋಳಿಗೆ ಯಾವ ಸತ್ವ ಕಮ್ಮಿ ಆಯ್ತದ್ಲಾ? ಸಕ್ಕರೆ ಮಾತ್ರೆ ನಿಂತಂಗೆ ಇದೂ ನಿಂತೋಗ್ಲಿ," ಎಂದಳು. ನಾನು ಮುದ್ದೆ ನುಂಗುತ್ತ, "ಊ ಕಣಕ್ಕ, ರಾಗಿ ಮುಂದೆ ಯಾವ ವಿಟಮಿನ್ನು," ಎಂದೆ. ಡಿಪ್ಲೊಮಾ ಓದಿದವನು ನಾನು! ರಾಗಿಯ ಮೇಲಿನ ಅಭಿಮಾನ ನಮ್ಮ ಜಿಲ್ಲೆಯವರ ಬುದ್ಧಿಗೆ ಹೀಗೆ ಮಂಕು ಕವಿಸುತ್ತದೆ.

ಐದು ವರ್ಷ ಏನೂ ಆಗಲಿಲ್ಲ. ಹೋದ ವರ್ಷ ಒಂದು ವಿಚಿತ್ರ ಶುರುವಾಯಿತು. ಮುದ್ದೆ ಕಟ್ಟುವವರು ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಂಡು, ಕೈ ಅದ್ದಿ ಅದ್ದಿ ಕುದಿಯುವ ಹಿಟ್ಟನ್ನು ಮುಟ್ಟುತ್ತಾರೆ. ಬೋರಮ್ಮಕ್ಕ ನೀರಿಗೆ ಕೈ ಹಾಕುವುದನ್ನೇ ಬಿಟ್ಟಳು. ಹಬೆಯಾಡುವ ಹಿಟ್ಟನ್ನು ಬರಿಗೈಯಲ್ಲಿ ಬಾಚಿ, ಹಲಗೆಯ ಮೇಲೆ ಎರಡು ಸುತ್ತು ಉರುಳಿಸಿದರೆ ಮುದ್ದೆ ತಯಾರು. ನಾವೆಲ್ಲ ಬಾಯಿಬಿಟ್ಟುಕೊಂಡು ನೋಡಿದೆವು. ಪಾಂಡವಪುರದಿಂದ ಬಂದ ಯಾರೋ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡು ಹೋದರು. "ಕೈ ಅಂದ್ರೆ ಇದು! ಮೂವತ್ತು ವರ್ಷದಿಂದ ಪಳಗಿರೋ ಕೈ," ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೊಗಳಿದವನು ನಾನೇ. ಆಕೆಯೂ ಬೀಗಿದಳು. ಶ್ರೀರಂಗಪಟ್ಟಣದ ಸಂತೆಗೆ ಹೋದವಳು ಬಸ್ಸಿನಲ್ಲೇ ಒಂದು ಚಪ್ಪಲಿ ಬಿಟ್ಟು ಬಂದು, ಕಾಲಿಂದ ಜಾರಿದ್ದೇ ಗೊತ್ತಾಗಲಿಲ್ಲ ಎಂದಾಗಲೂ ಎಲ್ಲರೂ ನಕ್ಕೆವು.

ಆಮೇಲೆ ಆ ಮಂಗಳವಾರ ಬಂತು. ನನ್ನ ಮುದ್ದೆಯಲ್ಲಿ ಗೋಲಿಯಷ್ಟು ದಪ್ಪದ ಹಸಿ ಹಿಟ್ಟಿನ ಗಂಟು ಸಿಕ್ಕಿತು. ಆಕೆಯ ಮುದ್ದೆಯಲ್ಲಿ ಗಂಟು! ಕೋಲಿಗೆ ಸಿಗದೆ ಉಳಿದ ಗಂಟನ್ನೂ ಕಟ್ಟುವಾಗ ಕೈಯಲ್ಲೇ ಹುಡುಕಿ ಹಿಸುಕುವವಳು ಆಕೆ. ನನಗೆ ಕೋಪ ಬಂದು ತಟ್ಟೆ ತಳ್ಳಿದೆ. "ಏನಕ್ಕ ಇದು? ಇಂಗೆ ಮಾಡುದ್ರೆ ಎಂಗೆ ಉಣ್ಣೋದು?" ಎಂದು ನಾಲ್ಕು ಜನರ ಮುಂದೆ ಕೂಗಿದೆ.

ಬೋರಮ್ಮಕ್ಕ ಬಂದು ಮುದ್ದೆಯನ್ನು ಬೆರಳಲ್ಲಿ ಒತ್ತಿದಳು. "ಎಲ್ಲದ್ಲಾ ಗಂಟು?"

ನಾನು ಮುರಿದು ತೋರಿಸಿದೆ. ಆಕೆ ಆ ಗಂಟಿನ ಮೇಲೇ ಬೆರಳಿಟ್ಟು ಒತ್ತಿದಳು. ಮತ್ತೆ ಒತ್ತಿದಳು. ಮುಖ ಬಿಳಿಚಿಕೊಂಡಿತು.

"ಕಣ್ಗೆ ಕಾಣ್ತದೆ. ಕೈಗೆ ಗೊತ್ತಾಯ್ತಿಲ್ವಲ್ಲ ಕಣ್ಲಾ," ಎಂದಳು.

ಕರಿಯಯ್ಯ ಆಕೆಯ ಕೈಯನ್ನು ತಿರುಗಿಸಿ ನೋಡಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಚರ್ಮ ಸುಲಿದಿತ್ತು. ಆಕೆಗೆ ಅದೂ ಗೊತ್ತಿರಲಿಲ್ಲ. ಇಲ್ಲಿನ ಸರ್ಕಾರಿ ಆಸ್ಪತ್ರೆಯ ನರ್ಸ್ ಜೀನತ್ ಅವತ್ತು ಮೂಲೆಯ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಕೈ ತೊಳೆದುಕೊಂಡು ಬಂದು ಬೋರಮ್ಮಕ್ಕನನ್ನು ಕೂರಿಸಿ, "ಕಣ್ಣು ಮುಚ್ಚಿ ಅಕ್ಕ. ಯಾವ ಬೆರಳು ಮುಟ್ತಾ ಇದೀನಿ ಹೇಳಿ," ಎಂದರು. ಕಿರುಬೆರಳು ಮುಟ್ಟಿದರೆ ಆಕೆ ಹೆಬ್ಬೆರಳು ಎಂದಳು. ತೋರುಬೆರಳು ಹಿಂಡಿದರೆ, "ಇನ್ನೂ ಮುಟ್ಟೇ ಇಲ್ವಲ್ಲವ್ವ," ಎಂದಳು.

"ಇಂಜೆಕ್ಷನ್ ಬಿಟ್ಟು ಎಷ್ಟು ದಿನ ಆಯ್ತಕ್ಕ?"

"ದಿನ ಅಲ್ಲ ಕಣವ್ವ. ಐದಾರು ವರ್ಸ."

"ಯಾ ಅಲ್ಲಾ," ಎಂದರು ಜೀನತ್. ಪಳಗಿದ ಕೈ ಎಂದು ನಾನು ಹಾಡಿ ಹೊಗಳಿದ್ದು ನರ ಸಾಯುತ್ತಿದ್ದ ಕೈಯನ್ನು. ಎದ್ದು ಎಲ್ಲಿಗಾದರೂ ಹೋಗಿಬಿಡಬೇಕು ಎನ್ನಿಸಿತು.

ಮೈಸೂರಿನಲ್ಲಿ ರಕ್ತ ನೋಡಿದರು. ಬಿ ಟ್ವೆಲ್ವ್ ತಳ ಮುಟ್ಟಿತ್ತು, ಕಬ್ಬಿಣಾಂಶವೂ ಇಲ್ಲ. ಕೈಕಾಲಿನ ನರಗಳಿಗೆ ಪೆಟ್ಟು ಬಿದ್ದಿದೆ, ಇಂಜೆಕ್ಷನ್ ಮತ್ತೆ ಶುರು ಮಾಡೋಣ, ತಡವಾಗಿದೆ, ಸ್ಪರ್ಶ ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಬರದಿದ್ದರೆ ಬೋರಮ್ಮಕ್ಕ ಇನ್ನು ಮುದ್ದೆ ಕಟ್ಟುವಂತಿಲ್ಲ. ಮುದ್ದೆಯಿಲ್ಲದ ಮೆಸ್ಸನ್ನು ಈ ಕಡೆ ಯಾರೂ ಮೆಸ್ಸು ಅನ್ನುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆ ಕೈ ಬಿಟ್ಟರೆ ತಾನು ಯಾರು ಎಂದು ಆಕೆಗೆ ಗೊತ್ತಿರಲಿಲ್ಲ.

ಇನ್ನು ಹೇಳುವುದೇ ನಾನು ನಿಜವಾಗಿ ಹೇಳಬೇಕಾದದ್ದು. ಮರುದಿನವೂ ಮೆಸ್ಸಿನ ಬಾಗಿಲು ತೆರೆದಿತ್ತು. ಬಾಗಿಲಲ್ಲೇ ನಿಂತು ಬೋರಮ್ಮಕ್ಕ ಒಬ್ಬೊಬ್ಬರಿಗೂ ಹೇಳಿದಳು: "ನನ್ ಕೈ ಸತ್ತದೆ. ಮಾತ್ರೆ ಬುಟ್ಟಿದ್ದು ನಂದೇ ತಪ್ಪು. ಇವತ್ತಿಂದ ಹಿಟ್ಟು ನಮ್ಮೆಜಮಾನ್ರುದು. ಗಂಟು ಸಿಕ್ಕುದ್ರೆ ಕೂಗಿ ಯೋಳಿ, ನಾಚ್ಕೋಬ್ಯಾಡಿ." ಅದುವರೆಗೆ ಪಾತ್ರೆ ತೊಳೆದು ಸಾಮಾನು ತರುವುದನ್ನು ಬಿಟ್ಟು ಬೇರೇನೂ ಅರಿಯದ ಕರಿಯಯ್ಯ, ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಹಿಟ್ಟಿನ ಕೋಲು ಹಿಡಿದ. ಆಕೆ ಪಕ್ಕದಲ್ಲಿ ನಿಂತು ಕಣ್ಣಲ್ಲೂ ಕಿವಿಯಲ್ಲೂ ಹದ ನೋಡುತ್ತಿದ್ದಳು. "ಕುದಿಯೋ ಸಬ್ದ ಕೇಳು. ಇನ್ನೂ ಬುಡುಬುಡು ಅಂತದೆ. ತಡ್ಕೊ. ಈಗ ತಿರುವು." ಮೊದಲ ವಾರದ ಮುದ್ದೆಗಳಲ್ಲಿ ಕೆಲವು ಗಂಜಿ, ಕೆಲವು ಕಲ್ಲು. ನಾನು ಒಂದು ಮಾತೂ ಆಡದೆ ಉಂಡೆ. ಬೇರೆಯವರು ಗೊಣಗಿದರೆ ದುರುಗುಟ್ಟಿ ನೋಡಿದೆ.

ಇಂಜೆಕ್ಷನ್ನು ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಪಾದ ಊರಿದ್ದು ತಿಳಿಯದ ಕಾಲಿನಲ್ಲಿ ಗೋಡೆ ಹಿಡಿದುಕೊಂಡು ಆಸ್ಪತ್ರೆಗೆ ನಡೆದು ಹೋಗುತ್ತಿದ್ದಳು. ಬೈಕಿನಲ್ಲಿ ಬಿಡುತ್ತೇನೆ ಎಂದರೆ, "ನಡೀದೆ ಓದ್ರೆ ಕಾಲು ನನ್ನನ್ನೇ ಮರ್ತ್ಬುಡ್ತದೆ," ಎನ್ನುತ್ತಿದ್ದಳು. ಬೆಳಿಗ್ಗೆ ಮೊರದಲ್ಲಿ ರಾಗಿ ಹರಡಿ, ಅದರಲ್ಲಿ ತಾನೇ ಹತ್ತು ಕಲ್ಲು ಬೆರೆಸಿ, ಕಣ್ಣು ಮುಚ್ಚಿ ಬೆರಳಲ್ಲಿ ಹುಡುಕುತ್ತಿದ್ದಳು. ಒಂದೂ ಸಿಗುತ್ತಿರಲಿಲ್ಲ. ಮಾರನೆಯ ದಿನ ಮತ್ತೆ ಮೊರ. ಏಳು ತಿಂಗಳು ಹೀಗೆ ಮಾಡಿದಳು. ಹಟವೆಂದರೆ ಏನು ಎಂದು ನಾನು ಕಲಿತದ್ದು ಆ ಮೊರವನ್ನು ನೋಡಿ. ಒಂದು ದಿನ ತಡೆಯಲಾರದೆ, "ಅಕ್ಕ, ಅವತ್ತು ತಟ್ಟೆ ತಳ್ಳಬಾರ್ದಿತ್ತು," ಎಂದೆ. "ನೀನು ತಳ್ದೆ ಇದ್ದಿದ್ರೆ ಕೈ ಪೂರಾ ಸುಟ್ಕೊಂಡ್ಮೇಲೇ ಗೊತ್ತಾಗೋದು. ಕೂತ್ಕೊಂಡು ಉಣ್ಣು," ಎಂದಳು.

ಹೋದ ತಿಂಗಳು ಜೀನತ್ ತಮ್ಮ ಸಂಬಂಧಿ ಮಹೇಕ್ ಎಂಬ ಹೆಣ್ಣುಮಗಳನ್ನು ಕರೆತಂದರು. ಶ್ರೀರಂಗಪಟ್ಟಣದವಳು, ಮೂವತ್ತರ ಆಸುಪಾಸು, ಅದೇ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಹೆದರಿದ್ದಳು. ಬೋರಮ್ಮಕ್ಕ ಆಕೆಯನ್ನು ಒಲೆಯ ಹತ್ತಿರವೇ ಕೂರಿಸಿಕೊಂಡಳು.

"ಮಾಡುಸ್ಕೊ ಮಗ, ಎದರ್ಬ್ಯಾಡ. ಆ ಆಪರೇಸನ್ನಿಂದ್ಲೇ ನನ್ ಕಾಲು ಉಳ್ಕಂಡದೆ. ಆದ್ರೆ ಅದು ಒಂದಿನದ ಕೆಲ್ಸ ಅಲ್ಲ, ಸಾಯೋಗಂಟ ನೋಡ್ಕೋಬೇಕು. ಮಾತ್ರೆ ಬುಟ್ರೆ ಏನಾಯ್ತದೆ ಅಂತ ತೋರುಸ್ತೀನಿ ನೋಡು."

ಹಾಗೆಂದವಳೇ, ಕರಿಯಯ್ಯ ಆಗ ತಾನೇ ಹಲಗೆಗೆ ಸುರಿದಿದ್ದ ಹಿಟ್ಟಿನ ಮೇಲೆ ಬಲಗೈ ಬೆರಳುಗಳನ್ನು ಒತ್ತಿದಳು.

"ಅಯ್ಯಪ್ಪಾ!" ಎಂದು ಕೈ ಕಿತ್ತುಕೊಂಡಳು.

ಮಹೇಕ್ ಬೆಚ್ಚಿ ಎದ್ದು ನಿಂತಳು. ಕರಿಯಯ್ಯ ಕೋಲು ಬಿಟ್ಟ. ಬೋರಮ್ಮಕ್ಕ ತನ್ನ ಬೆರಳುಗಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. ಎಡಗೈ ಒತ್ತಿ ನೋಡಿದಳು. ಅದು ಸುಮ್ಮನಿತ್ತು. ಮತ್ತೆ ಬಲಗೈ ಒತ್ತಿದಳು, ಮತ್ತೆ ಕಿತ್ತುಕೊಂಡಳು. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ನನ್ನ ಕಣ್ಣೂ ಮಂಜಾಯಿತು.

ಕರಿಯಯ್ಯ ತಣ್ಣೀರಿನ ಬಟ್ಟಲು ಹಿಡಿದು ಓಡಿ ಬಂದು ಆಕೆಯ ಕೈ ಎಳೆದ. "ಬುಡೇ, ಬೊಬ್ಬೆ ಬಂದದು!"

"ನೀ ಸುಮ್ಕಿರು," ಎಂದಳು ಬೋರಮ್ಮಕ್ಕ, ಕೈ ಬಿಡಿಸಿಕೊಳ್ಳುತ್ತ. "ಇನ್ನೊಂದ್ಸಲ ಸುಡ್ಲಿ."