ವ್ಯಾನಕ್ಕನ ಸೀಡರ್ ಮೋಟು

ವ್ಯಾನಕ್ಕ ಬೆಳಗ್ಗೆ ಎದ್ದವಳು ಮುಖ ತೊಳೆಯುವ ಮೊದಲೇ ಗೇಟಿನ ಪಕ್ಕದ ಜಪಾನಿ ಸೀಡರ್ ಗಿಡದ ಬುಡಕ್ಕೆ ಹೋಗಿ ತೋರುಬೆರಳನ್ನು ಮಣ್ಣಿಗೆ ಚುಚ್ಚುತ್ತಾಳೆ. ತಂಪು ತಗುಲಿದರೆ ಸುಮ್ಮನೆ ಒಳಗೆ ಹೋಗುತ್ತಾಳೆ. ಒಣಗಿದ್ದರೆ ಒಂದು ಚೊಂಬು ನೀರು. ಜ್ವರ ಬಂದ ದಿನವೂ ಇದನ್ನು ಬಿಟ್ಟವಳಲ್ಲ. ನಮ್ಮಿಬ್ಬರ ಮನೆಗಳ ನಡುವೆ ಎದೆಮಟ್ಟದ ಗೋಡೆ ಇರುವುದರಿಂದ, ಪ್ರಾರ್ಥನೆ ಮುಗಿಸಿ ಕಿಟಕಿ ತೆರೆದಾಗ ನನಗೆ ಮೊದಲು ಕಾಣುವುದು ಬಗ್ಗಿದ ಅವಳ ಬೆನ್ನೇ.

ನನಗಿಂತ ಚಿಕ್ಕವಳು. ಆದರೂ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವುದರಿಂದ ಬೀದಿಗೆಲ್ಲ ವ್ಯಾನಕ್ಕ. ವ್ಯಾನು ಗಂಡನದು. ಅವನು ತೀರಿಕೊಂಡಾಗ ನೆಂಟರೆಲ್ಲ ಮಾರಿಬಿಡು ಎಂದರು. ಅವರೆದುರೇ ಓಡಿಸಲು ಕಲಿತಳು. ಮೊದಲ ವಾರ ಗೇಟಿನ ಕಂಬಕ್ಕೆ ಉಜ್ಜಿದ ಗೀರು ಈಗಲೂ ಇದೆ.

ಸೀಡರ್ ಅವಳಿಗೆ ಸಿಕ್ಕಿದ್ದು ಶಾಲೆಯ ಕಾಂಪೌಂಡಿನಲ್ಲಿ. ಮಾಲಿ ಕತ್ತರಿಸಿ ಎಸೆದ ರೆಂಬೆಗಳಿಂದ ಒಂದು ಹಿಡಿ ಕಡ್ಡಿ ತಂದು ಒಡೆದ ಬಕೆಟ್ಟಿನಲ್ಲಿ ಊರಿದಳು. ಒಂದನ್ನು ಬಿಟ್ಟು ಮಿಕ್ಕವೆಲ್ಲ ಕಪ್ಪಾದವು. ಆ ಒಂದನ್ನು ನೆಲಕ್ಕಿಳಿಸಿ ತನ್ನ ತಲೆ ಮೀರುವಷ್ಟು ಬೆಳೆಸಿದಳು. ಕತ್ತರಿ ತಗುಲಿದರೆ ಸೂಜಿಯಂಥ ಎಲೆಯ ತುದಿ ಕಂದುತ್ತದೆಂದು ಎಳೆಯ ಚಿಗುರನ್ನು ಬೆರಳಿನಿಂದಲೇ ಚಿವುಟಿ, ರೆಂಬೆ ರೆಂಬೆಯನ್ನೂ ದಿಂಬಿನಂತೆ ದುಂಡಗೆ ಮಾಡಿದ್ದಳು. ಚಳಿಗಾಲದಲ್ಲಿ ಆ ಹಸಿರೆಲ್ಲ ತಾಮ್ರದ ಬಣ್ಣಕ್ಕೆ ತಿರುಗುತ್ತಿತ್ತು, ಬಿಸಿಲೇರಿದಂತೆ ಮತ್ತೆ ಹಸಿರಾಗುತ್ತಿತ್ತು. ನಮ್ಮ ಬೀದಿಗೆ ಅದು ರೂಢಿ.

ಬೇರೆ ಊರಿನಲ್ಲಿ ಬಡಗಿ ಕೆಲಸ ಮಾಡುವ ಅವಳ ತಮ್ಮನಿಗೆ ಅದು ಗೊತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ತಾಯಿಗೆ ಆಪರೇಷನ್ ಆದಾಗ ವ್ಯಾನಕ್ಕ ಆಸ್ಪತ್ರೆಯಲ್ಲೇ ಉಳಿದಳು. ಮನೆ ನೋಡಿಕೊಳ್ಳಲು ತಮ್ಮ ಬಂದ. ಕೂತು ಉಣ್ಣುವ ಆಸಾಮಿಯಲ್ಲ. ಸೋರುವ ನಲ್ಲಿ ಸರಿಮಾಡಿದ, ಗೇಟಿಗೆ ಎಣ್ಣೆ ಬಿಟ್ಟ. ಕೊನೆಗೆ ಸತ್ತುಹೋಗಿದೆ ಅಂದುಕೊಂಡು ಸೀಡರನ್ನೂ ಮೊಣಕಾಲುಮಟ್ಟಕ್ಕೆ ಕತ್ತರಿಸಿದ. ನಾನು ಪೇಟೆಯಿಂದ ಬರುವಷ್ಟರಲ್ಲಿ ಗರಗಸ ತನ್ನ ಮಾತು ಮುಗಿಸಿತ್ತು.

ವ್ಯಾನಕ್ಕ ಬಂದವಳು ಗೇಟಿನಲ್ಲೇ ನಿಂತಳು. "ಇದೇನೋ ಮಾಡಿಬಿಟ್ಟೆ?"

"ಒಣಗಿಹೋಗಿತ್ತಲ್ಲಕ್ಕಾ. ನೀನು ನೋಡಿ ಸಂಕಟಪಡೋದು ಬೇಡ ಅಂತ..."

"ಚಳಿಗೆ ಬಣ್ಣ ತಿರುಗಿತ್ತು ಕಣೋ. ಚಳಿಗೆ ನಿನ್ನ ಮೂಗೂ ಕೆಂಪಾಗುತ್ತೆ. ಅದನ್ನೂ ಕುಯ್ದುಬಿಡ್ಲಾ?"

ತಮ್ಮ ನಗಲು ಹೋಗಿ, ಅಕ್ಕನ ಮುಖ ನೋಡಿ ಮೆಟ್ಟಿಲ ಮೇಲೆ ಕೂತ. ಬುಡ ಅಗೆದು ಬೇರೆ ಗಿಡ ನೆಡುತ್ತೇನೆ ಎಂದ. ಅವಳು ಒಪ್ಪಲಿಲ್ಲ. ಈ ಜಾತಿಯ ಮೋಟು ಕೆಲವು ಸಲ ಚಿಗುರುತ್ತದೆ, ಆದರೆ ಆಣೆ ಮಾಡಿ ಹೇಳಲಾರೆ ಎಂದು ಮಾಲಿ ಹೇಳಿದ್ದನಂತೆ. "ಕೆಲವು ಸಲ ಅಂದ್ನಲ್ಲ, ನನಗಷ್ಟು ಸಾಕು," ಎಂದು ಗೋಡೆಯ ಬಳಿ ಬಂದು ನನಗೆ ಹೇಳಿದಳು.

ಹಸಿರಿನ ಸುಳಿವಿಲ್ಲದ ಆ ಮೋಟಿಗೆ ನೀರುಣಿಸುವುದು ನಡೆದೇ ಇತ್ತು. ಎದುರಿನ ಅಂಗಡಿಯವರಿಗೆ ತಮಾಷೆ. "ವ್ಯಾನಕ್ಕಾ, ಸ್ಟೂಲಿಗೆ ನೀರು ಹಾಕ್ತಿದ್ದೀರಾ?"

"ಹೌದಣ್ಣಾ. ಚಿಗುರಿದ ಮೇಲೆ ನಿಮ್ಮನ್ನೇ ಮೊದಲು ಕೂರಿಸ್ತೀನಿ. ಚುಚ್ಚಿದ್ರೆ ನನ್ನ ಕೇಳಬೇಡಿ."

ಸಂಜೆ ಗೋಡೆಗೆ ಒರಗಿದಾಗ ಮಾತ್ರ ಅವಳ ದನಿ ಇಳಿಯುತ್ತಿತ್ತು. "ಆಗ ವ್ಯಾನು ಮಾರು ಅಂದ್ರು, ಈಗ ಬುಡ ಕೀಳು ಅಂತಾರೆ. ಮುಗೀತು ಅಂತ ಹೇಳೋಕೆ ಎಲ್ರಿಗೂ ಅದೇನು ಅವಸರವೋ." ಆಮೇಲೆ, "ನಿನ್ನ ಪ್ರಾರ್ಥನೇಲಿ ಇದನ್ನೂ ಸೇರಿಸ್ತೀಯೇನೇ?" ಎಂದಳು.

"ಕುಯ್ದ ದಿನದಿಂದ್ಲೇ ಸೇರಿಸಿದೀನಿ," ಎಂದೆ.

ಬಿಸಿಲುಗಾಲ ಬಂತು. ಅಕ್ಕಪಕ್ಕದ ಗಿಡಗಳೆಲ್ಲ ಎಲೆ ಬಿಟ್ಟರೂ ಮೋಟು ಮೋಟಾಗಿಯೇ ಇತ್ತು. ನನಗೂ ಒಳಗೊಳಗೇ ಅಳುಕು. ಒಂದು ಮುಂಜಾನೆ ಅವಳು ಕೂಗಿ ಕರೆದಳು. ಹೋಗಿ ಕೂತು ನೋಡಿದರೆ, ತೊಗಟೆಯ ಬಿರುಕಿನಲ್ಲಿ ಸಾಸಿವೆಯಷ್ಟು ಹಸಿರು, ಮೂರು ಕಡೆ.

ಅದೇ ವಾರ ತಮ್ಮ ಟೆಂಪೋದಲ್ಲಿ ಬಂದಿಳಿದ. ಹಿಂದೆ, ಡ್ರಮ್ಮಿನಲ್ಲಿ, ಆಳೆತ್ತರದ ಸೀಡರ್. ಕೈಯಲ್ಲಿ ಹಾರೆ.

"ಪಕ್ಕಕ್ಕೆ ಸರಿ ಅಕ್ಕಾ. ಬುಡ ಕಿತ್ತು ಇದನ್ನ ಇಟ್ಟರೆ ಸಂಜೆಯೊಳಗೆ ಅಂಗಳ ಮೊದಲಿನ ಹಾಗಾಗುತ್ತೆ."

ಅವಳು ಚಿಗುರು ತೋರಿಸಿದಳು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. "ಇಷ್ಟೇನಾ? ಇದು ನಿನ್ನೆತ್ತರ ಬರೋಷ್ಟರಲ್ಲಿ ನಾವಿಬ್ರೂ ಕೋಲು ಹಿಡೀತೀವಿ. ನನ್ನ ತಪ್ಪು, ನಾನೇ ಸರಿ ಮಾಡ್ತೀನಿ. ಬೇಡ ಅನ್ನಬೇಡ."

ವ್ಯಾನಕ್ಕ ಟೆಂಪೋ ಹತ್ತಿ ಆ ಗಿಡದ ರೆಂಬೆಯೊಂದನ್ನು ಮೆಲ್ಲಗೆ ಸವರಿದಳು. ನಿಜಕ್ಕೂ ಚೆಂದದ ಗಿಡ. ಅವಳ ಕೈ ಅಲ್ಲಿ ತುಸು ಹೆಚ್ಚೇ ಹೊತ್ತು ನಿಂತಿತು.

"ತುಂಬಾ ಚೆನ್ನಾಗಿದೆ ಕಣೋ. ನಿನ್ನ ಮನೆ ಮುಂದೆ ನೆಡು." ಕೆಳಗಿಳಿದು ಅವನ ಕೈಯಿಂದ ಹಾರೆ ತೆಗೆದುಕೊಂಡು ಟೆಂಪೋದೊಳಗೆ ಇಟ್ಟಳು. "ನನ್ನ ಜಾಗ ಖಾಲಿ ಇಲ್ಲ. ಒಳಗೆ ಬಾ, ಊಟ ಮಾಡ್ಕೊಂಡು ಹೋಗು. ಡ್ರಮ್ಮು ಮಾತ್ರ ಇಳಿಸಬೇಡ."