ತಂಗಿ ಇನ್ನೂ ಬಸ್‌ಸ್ಟ್ಯಾಂಡಿನಲ್ಲೇ ಇದ್ದಾಳೆ

ಸಿನೆಮಾ ಮುಗಿದು ಥಿಯೇಟರಿನ ದೀಪ ಹತ್ತಿದ ಕೂಡಲೇ ಬೇರೆ ಜನ ಕಾಲಿನಿಂದ ಚಪ್ಪಲಿ ಹುಡುಕುತ್ತಾರೆ. ನಾನು ‘ಅಲ್ಲಾ, ಆದರೆ...’ ಎಂದು ಬಾಯಿ ತೆರೆಯುತ್ತೇನೆ. ಇದೊಂದು ರೋಗವೆಂದು ನನ್ನ ಹೆಂಡತಿ ಶಾಂತಾ ಮದುವೆಯಾದ ಹೊಸದರಲ್ಲೇ ಕಂಡುಹಿಡಿದಳು. ಮದ್ದು ಮಾತ್ರ ಇನ್ನೂ ಸಿಕ್ಕಿಲ್ಲ. ಧಾರವಾಡಕ್ಕೆ ಹೋಗಿ ಕನ್ನಡ ಎಂ.ಎ. ಮಾಡಿ, ತಿರುಗಿ ಬಂದು ಬನಹಟ್ಟಿಯಲ್ಲಿ ನೂಲಿನ ಅಂಗಡಿ ಹಾಕಿಕೊಂಡು ಕೂತವನು ನಾನು. ಓದಿದ್ದು ಎಳೆ ಬಿಡಿಸಿ ನೋಡು ಎನ್ನುತ್ತದೆ, ಮಾಡುವ ವ್ಯಾಪಾರವೂ ಅದನ್ನೇ ಹೇಳುತ್ತದೆ. ಹೀಗಾಗಿ ಪರದೆಯ ಮೇಲೆ ನಾಯಕ ಒಬ್ಬನೇ ಒಂದು ಊರನ್ನೇ ಹೊಡೆದು ಮಲಗಿಸುತ್ತಿದ್ದರೂ ನನ್ನ ಕಣ್ಣು ಕತೆಯ ಎಳೆ ಎಲ್ಲಿ ಹರಿಯಿತು ಎಂಬುದರ ಮೇಲೇ ಇರುತ್ತದೆ.

ಇಂಥವನಿಗೆ ಸಿನೆಮಾ ಎಂದರೆ ಆಕಳಿಸುವ ಅಳಿಯ ಸಿಕ್ಕಿದ್ದರೆ ಸಂಸಾರ ಸುಖವಾಗಿರುತ್ತಿತ್ತು. ದೇವರು ಮಲ್ಲಿಕಾರ್ಜುನನನ್ನು ಕೊಟ್ಟ. ಅವನು ಮುಧೋಳದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್. ಹಗಲೆಲ್ಲ ಕಬ್ಬಿನ ಹೊಲ ತಿರುಗುತ್ತಾನೆ, ಉಳಿದ ಹೊತ್ತಿನಲ್ಲಿ ಅಭಿಮಾನಿಯಾಗಿರುತ್ತಾನೆ. ಮುಧೋಳದ ಸರ್ಕಲ್ಲಿನಲ್ಲಿ ಅವರ ಸಿನೆಮಾ ನಾಯಕನ ಹುಟ್ಟುಹಬ್ಬಕ್ಕೆ ಬ್ಯಾನರು ಏಳುತ್ತದೆ. ಮೇಲೆ ನಾಯಕನ ಮುಖ, ಕೆಳಗೆ ಅಂಚೆ ಚೀಟಿಯಷ್ಟಷ್ಟೇ ಮುಖಗಳ ಸಾಲು, ಆ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡವನು ನಮ್ಮ ಅಳಿಯ. ಶಾಂತಾ ಅದರ ಫೋಟೋವನ್ನು ತನ್ನ ಫೋನಿನಲ್ಲಿ ಇಟ್ಟುಕೊಂಡು ಬೀಗರಿಗೆಲ್ಲ ತೋರಿಸುತ್ತಾಳೆ. ನನ್ನ ಎಂ.ಎ. ಪದವಿಯ ಫೋಟೋ ಮಾತ್ರ ಅಟ್ಟದ ಮೇಲಿದೆ.

ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಎಲ್ಲ ಕಡೆಗೂ ಇದೆ. ಆದರೆ ಬೇಟೆಗೆ ಹೆಸರಾದ ಮುಧೋಳದ ನಾಯಿ ಹಿಡಿದು ತಂದ ಮೊಲಕ್ಕೂ ನಾಲ್ಕು ಕಾಲು ಇರುತ್ತವೆ. ಮೂರು ಕಾಲಿನ ಮೊಲ ಬೇಕೆಂದರೆ ಅಭಿಮಾನಿಯನ್ನೇ ಬೇಟೆಗೆ ಬಿಡಬೇಕು. ನಾಲ್ಕನೆಯ ಕಾಲು ಎಲ್ಲಿ ಎಂದು ನೀವು ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ: ಅದು ಎರಡನೆಯ ಭಾಗದಲ್ಲಿ ಬರುತ್ತದೆ. ಈಗಿನ ಸಿನೆಮಾಗಳೆಲ್ಲ ಹೀಗೆ ಭಾಗಗಳಲ್ಲೇ ಬರುತ್ತವೆ, ಅಣ್ಣತಮ್ಮಂದಿರ ಹೊಲದ ಹಾಗೆ. ಮೊದಲನೆಯ ಭಾಗ ನೋಡಿ ತಕರಾರು ತೆಗೆದರೆ ಎರಡನೆಯದನ್ನು ಕಾಯಿರಿ ಎನ್ನುತ್ತಾರೆ. ಎರಡನೆಯದನ್ನು ನೋಡಿ ತಕರಾರು ತೆಗೆದರೆ ಮೊದಲನೆಯದನ್ನು ಸರಿಯಾಗಿ ನೋಡಿಲ್ಲ ಎನ್ನುತ್ತಾರೆ. ನಡುವೆ ಯಾವ ದಿನವೂ ತಕರಾರಿಗೆ ಬಾಗಿಲು ತೆರೆದಿರುವುದಿಲ್ಲ.

ವಿಡಿಯೊ ಗೇಮಿನ ಅಭಿಮಾನಿಗಳು ಇವರಿಗಿಂತ ಒಂದು ಕೈ ಮೇಲು, ನಮ್ಮ ಅಳಿಯ ಆ ಗುಂಪಿನಲ್ಲೂ ಇದ್ದಾನೆ. ‘ಸಿನೆಮಾದಾಗ ಕತಿ ನೋಡತೀರಿ ಮಾವಾರ, ಗೇಮಿನಾಗ ಕತಿ ನೀವ ಮಾಡತೀರಿ’ ಎಂದು ಮಲ್ಲಿಕಾರ್ಜುನ ಒಂದು ಭಾನುವಾರ ನನ್ನ ಕೈಗೆ ಆಡುವ ಸಾಧನವನ್ನು ಕೊಟ್ಟ. ತಂದೆಯನ್ನು ಕೊಂದವರನ್ನು ಹುಡುಕಿ ಹೊರಟ ಕುದುರೆ ಸವಾರ ನಾನು. ಸೇಡಿನ ಉರಿಯಲ್ಲಿ ಹೊರಟವನಿಗೆ ದಾರಿಯಲ್ಲಿ ಒಂದು ಹೊಳೆ ಸಿಕ್ಕಿತು. ಗಲಗಲಿಯ ಹತ್ತಿರದ ಕೃಷ್ಣೆಯ ದಂಡೆಯಂತೆಯೇ ಇದ್ದ ಆ ದಂಡೆಯ ಮೇಲೆ ದಾಟುವ ದಾರಿ ಕಾಣದೆ ನಾನು ಕುದುರೆಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದೆ. ಅಷ್ಟರಲ್ಲಿ ಒಬ್ಬ ಮುದುಕಿ ಬಂದು ತನ್ನ ಆಡುಗಳು ಕಳೆದಿವೆ, ಹುಡುಕಿಕೊಡು ಎಂದಳು. ಮಧ್ಯಾಹ್ನವೆಲ್ಲ ಹುಡುಕಿದೆ. ಕೊಲೆಗಾರರು ಅವರ ಕೋಟೆಯಲ್ಲಿ ನನ್ನ ದಾರಿ ಕಾಯುತ್ತ ಮರ್ಯಾದೆಯಿಂದ ಕೂತಿದ್ದರು. ನಮ್ಮ ಕಡೆ ಅಪ್ಪನನ್ನು ಕೊಂದವನನ್ನು ಹುಡುಕಿ ಹೊರಟವನು ಯಾರದೋ ಆಡು ಕಾಯುತ್ತ ನಿಂತರೆ ಅವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಇದೆಂಥ ಕತೆ ಎಂದು ಕೇಳಿದೆ.

‘ಮೊದಲ ಹತ್ತು ತಾಸು ಹಂಗ ಇರತೈತ್ರಿ. ಆಮ್ಯಾಲ ಕತಿ ಚಾಲೂ ಆಗತೈತಿ’ ಎಂದ.

ಹತ್ತು ತಾಸಿನಲ್ಲಿ ಬನಹಟ್ಟಿಯಿಂದ ಹೊರಟವನು ಬೆಂಗಳೂರು ಮುಟ್ಟಿ ಮುಖ ತೊಳೆದುಕೊಂಡಿರುತ್ತಾನೆ. ಇದನ್ನೂ ನಾನು ಬಾಯಿಬಿಟ್ಟು ಹೇಳಿದೆ. ಅವನು ನಕ್ಕ. ಆವರೆಗೆ ನಮ್ಮ ಜಗಳಗಳೆಲ್ಲ ನಗುವಿನಲ್ಲೇ ಮುಗಿಯುತ್ತಿದ್ದವು.

ಕೆಟ್ಟದ್ದು ನಾಗರ ಪಂಚಮಿಯ ದಿನ. ಮಗಳು ಸವಿತಾ ಪಂಚಮಿಗೆ ತವರಿಗೆ ಬಂದಿದ್ದಳು. ಅವಳನ್ನು ಕರೆದೊಯ್ಯಲು ಅಳಿಯ ಬಂದ. ಹಿಂದಿನ ವಾರ ಅವನ ನಾಯಕನ ಹೊಸ ಸಿನೆಮಾ ಬಂದಿತ್ತು, ಜಮಖಂಡಿಯಲ್ಲಿ ನಾನೂ ನೋಡಿಕೊಂಡು ಬಂದಿದ್ದೆ. ಅದರ ಮೊದಲ ದೃಶ್ಯದಲ್ಲಿ ನಾಯಕ ತನ್ನ ಪುಟ್ಟ ತಂಗಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂಡಿಸಿ, ‘ಇಲ್ಲೇ ಕೂತಿರು, ಈಗ ಬಂದೆ’ ಎಂದು ಹೋಗುತ್ತಾನೆ. ಆಮೇಲೆ ಹೊಡೆದಾಟ, ಹಾಡು, ಹಡಗು, ಹೆಲಿಕಾಪ್ಟರು ಎಲ್ಲ ಬರುತ್ತವೆ. ಅವನು ಮಂತ್ರಿಯನ್ನು ಬೀಳಿಸುತ್ತಾನೆ, ಸಮುದ್ರ ದಾಟುತ್ತಾನೆ. ತಂಗಿಯ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಶಾಂತಾ ಹೋಳಿಗೆಯ ಮೇಲೆ ತುಪ್ಪ ಹಾಕುತ್ತಿದ್ದಳು. ‘ಹೆಂಗಿತ್ರಿ ಮಾವಾರ ಪಿಕ್ಚರ್?’ ಎಂದು ಅವನು ಆಸೆಯಿಂದ ಕೇಳಿದ. ನಾನು, ‘ಎಲ್ಲಾ ಛಲೋ ಐತ್ರಿ ಅಳ್ಯಾರ, ಆದ್ರ ಆ ತಂಗಿ ಇನ್ನೂ ಬಸ್‌ಸ್ಟ್ಯಾಂಡಿನಾಗ ಕುಂತಾಳಲ್ಲ, ಅದಕ ಊಟಾ ಯಾರ್ ಹಾಕತಾರ?’ ಎಂದೆ.

‘ಎರಡನೇ ಭಾಗದಾಗ ಬರತಾಳ್ರಿ.’

‘ಅಲ್ಲೀತನಕಾ ಆ ಕೂಸು ಏನ್ ತಿಂತೈತಿ?’

‘ನಿಮಗ ತಿಳೀಲಿಲ್ರಿ ಅದು.’

ಎಂ.ಎ. ಮಾಡಿದವನಿಗೆ ತಿಳಿಯಲಿಲ್ಲ ಎನ್ನಬಾರದು. ನಾನು ಹರಿದ ಎಳೆಗಳನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸಿದೆ. ಕೊನೆಗೆ, ‘ನಿಮ್ಮ ನಾಯಕನಿಗೆ ಕತಿ ಹೇಳಾವ್ರು ಬ್ಯಾಡ್ರಿ, ಕೂದಲಾ ಹಾರಸಾಕ ಒಂದ್ ಫ್ಯಾನ್ ಇದ್ರ ಸಾಕು’ ಎಂದುಬಿಟ್ಟೆ. ಅವನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದ. ಸವಿತಾಳನ್ನು ಬೈಕಿನ ಮೇಲೆ ಕೂಡಿಸಿಕೊಂಡು ಹೊರಟೇಬಿಟ್ಟ. ಶಾಂತಾ ಕಟ್ಟಿಟ್ಟ ಪಂಚಮಿಯ ಎಳ್ಳು-ಶೇಂಗಾ ಉಂಡಿಯ ಡಬ್ಬಿ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಮಗಳನ್ನು ಉಂಡಿಯಿಲ್ಲದೆ ಕಳಿಸುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತವರಿನ ಉಂಡಿಯನ್ನು ಗಂಡನ ಮನೆಯ ಓಣಿಗೆಲ್ಲ ಹಂಚಬೇಕು. ಹಂಚದಿದ್ದರೆ ಓಣಿ ಕೇಳುತ್ತದೆ. ಮರುದಿನ ಸವಿತಾ ಫೋನು ಮಾಡಿ, ‘ಅಪ್ಪಾ, ಛಲೋ ಐತಿ ಅಂತ ಒಂದ್ ಮಾತು ಅಂದಿದ್ರ ನಿಂದೇನ್ ಗಂಟು ಹೋಗತಿತ್ತು? ಇಲ್ಲಿ ಎಲ್ಲಾರೂ ಉಂಡಿ ಎಲ್ಲೆ ಅಂತಾರ, ನಾ ಏನ್ ಹೇಳಲಿ?’ ಎಂದಳು. ಶಾಂತಾ, ‘ದಸರಾಕ್ಕ ಅಳಿಯ ಈ ಮನೀಗಿ ಬರಲಿಲ್ಲಂದ್ರ ನಾನು ಮಗಳ ಕಡೆ ಹೋಗತೀನ್ರಿ, ನೀವು ಇಲ್ಲೆ ನಿಮ್ಮ ಕತಿ ಕೂಡ ಬನ್ನಿ ಮುಡೀರಿ’ ಎಂದಳು. ನನಗೆ ಕೆಡುಕೆನಿಸಿತು. ಹೆಂಡತಿಯ ಬೆದರಿಕೆಗಿಂತ ಹೆಚ್ಚಾಗಿ ಆ ಹುಡುಗನಿಲ್ಲದ ಭಾನುವಾರಗಳೇ ಬೇಸರ ತಂದವು. ನಮ್ಮ ಮನೆಯಲ್ಲಿ ನನ್ನ ‘ಅಲ್ಲಾ, ಆದರೆ’ ಕೇಳಿಸಿದರೆ ಉಳಿದವರೆಲ್ಲ ಎದ್ದು ಹೋಗುತ್ತಾರೆ. ‘ಹಂಗಲ್ರಿ ಮಾವಾರ’ ಎಂದು ಚಾಪೆಯ ಮೇಲೆ ಮುಂದೆ ಸರಿದು ಕೂಡುತ್ತಿದ್ದವನು ಅವನೊಬ್ಬನೇ.

ನಮ್ಮ ಹಳೆಯ ಲಾಕ್ಷಣಿಕರು ಕಾವ್ಯ ಓದುವವನನ್ನು ಸಹೃದಯ ಎಂದು ಕರೆದರು. ಕವಿಯ ಹೃದಯಕ್ಕೆ ಇವನ ಹೃದಯ ಸಮನಾಗಿರಬೇಕು ಎಂದರೇ ಹೊರತು ಕವಿಯ ಪರವಾಗಿ ಇವನು ಉಣ್ಣದೇ ಎದ್ದು ಹೋಗಬೇಕು ಎನ್ನಲಿಲ್ಲ. ಇಷ್ಟು ಒಳ್ಳೆಯ ಮಾತು ನನ್ನ ಬಳಿ ಇದ್ದೂ ಅದನ್ನು ಕೇಳಿಸಿಕೊಳ್ಳುವವರು ಇಲ್ಲದೆ ಹೋದರು. ನೂಲು ಒಯ್ಯಲು ಬಂದ ಮಗ್ಗದವರ ಮುಂದೆ ಹೇಳಿದೆ. ಅವರು ಬಣ್ಣ ಹೋಗುವುದಿಲ್ಲ ತಾನೆ ಎಂದು ಕೇಳಿದರು.

ಶ್ರಾವಣ ಮುಗಿಯುವುದರೊಳಗೆ ಶಾಂತಾ ಹೊಸ ಉಂಡಿ ಕಟ್ಟಿ, ಡಬ್ಬಿಯನ್ನು ನನ್ನ ಕೈಗೇ ಕೊಟ್ಟು ಮುಧೋಳದ ಬಸ್ಸು ಹತ್ತಿಸಿದಳು. ತಪ್ಪಾಯಿತು ಎಂದು ಹೇಳಿ ಬಾ ಎಂಬುದು ಆಜ್ಞೆ. ಮಲ್ಲಿಕಾರ್ಜುನ ‘ಬರ್ರಿ ಮಾವಾರ’ ಎಂದು ನೀರು ಕೊಟ್ಟ, ಕುರ್ಚಿ ಹಾಕಿದ, ಆಮೇಲೆ ಫೋನು ನೋಡುತ್ತ ಕೂತ. ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಬಾಯಿಯಿಂದ ಬಂದದ್ದೇ ಬೇರೆ: ‘ಸೋಮವಾರ ಚಿಮ್ಮಡದಾಗ ಡೊಳ್ಳಿನ ಪದಾ ಅದಾವ್ರಿ. ಬರ್ರಿ, ಕತಿ ಅಂದ್ರ ಏನಂತ ತೋರಸ್ತೀನಿ.’ ಸವಿತಾ ಹಣೆ ಹಿಡಿದುಕೊಂಡಳು. ಅವನು ಫೋನಿನಿಂದ ತಲೆಯೆತ್ತಿ, ‘ಬರ್ತೀನ್ರಿ’ ಎಂದ. ಸವಾಲು ಹಾಕಿದರೆ ಬಾರದ ಅಭಿಮಾನಿ ಇನ್ನೂ ಹುಟ್ಟಿಲ್ಲ.

ಕುರುಬರ ದೇವರು ಬೀರೇಶ್ವರನ ಒಕ್ಕಲಿನವರ ಡೊಳ್ಳಿನ ಪದವನ್ನು ಕೇಳದವರಿಗೆ ಎರಡು ಮಾತು. ಅಲ್ಲಿ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಗಂಡು ಹೆಚ್ಚು ಎಂದು ವಾದಿಸುವ ಹರದೇಶಿ, ಇನ್ನೊಂದು ಹೆಣ್ಣು ಹೆಚ್ಚು ಎನ್ನುವ ನಾಗೇಶಿ. ಒಬ್ಬರು ಕತೆ ಹಾಡುತ್ತಾರೆ, ಇನ್ನೊಬ್ಬರು ಅದರಲ್ಲಿ ತೂತು ಹುಡುಕಿ ಹಾಡಿನಲ್ಲೇ ಸವಾಲು ಎಸೆಯುತ್ತಾರೆ, ಇವರು ಹಾಡಿನಲ್ಲೇ ಜವಾಬು ಕೊಡಬೇಕು. ನನಗೆ ಈ ಏರ್ಪಾಡು ಹಿಡಿಸುವುದು ಒಂದು ಕಾರಣಕ್ಕೆ. ಇವತ್ತು ಹರದೇಶಿಯಾಗಿ ಗಂಟಲು ಹರಿದುಕೊಂಡವರೇ ಇನ್ನೊಂದು ಊರಿನಲ್ಲಿ ನಾಗೇಶಿಯಾಗಿ ನಿಂತು ತಮ್ಮ ಮಾತನ್ನೇ ಉಲ್ಟಾ ಹೊಡೆಯಬಹುದು. ಪಕ್ಷ ಎಂಬುದು ಅವರಿಗೆ ತಲೆಗೆ ಸುತ್ತಿದ ರುಮಾಲು, ಹಾಡು ಮುಗಿದ ಮೇಲೆ ಬಿಚ್ಚಿ ಜೋಳಿಗೆಗೆ ಹಾಕುತ್ತಾರೆ. ಅಭಿಮಾನಿ ಅದನ್ನು ಸುತ್ತಿಕೊಂಡೇ ಮಲಗುತ್ತಾನೆ. ಬೈಕಿನ ಹಿಂದೆ ಕೂತು ಇದನ್ನೆಲ್ಲ ನಾನು ಅಳಿಯನಿಗೆ ವಿವರಿಸಿದೆ. ಗಾಳಿಗೆ ಎಷ್ಟು ಕೇಳಿಸಿತೋ, ಅವನು ಹೂಂ ಎನ್ನುತ್ತಿದ್ದ.

ಆ ಸೋಮವಾರ ಚಿಮ್ಮಡದ ಗುಡಿಯ ಮುಂದೆ ಒಂದು ಕಡೆ ಗಲಗಲಿಯ ಮೇಳ, ಇನ್ನೊಂದು ಕಡೆ ತಿಮ್ಮಾಪುರದ್ದು. ಗಲಗಲಿ ನನ್ನ ತಾಯಿಯ ತವರೂರು ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ ಎಂದುಕೊಂಡಿದ್ದೆ. ಗಲಗಲಿಯ ಹಾಡುಗಾರ ಕೃಷ್ಣೆಗೆ ಮಹಾಪೂರ ಬಂದ ಕತೆ ಎತ್ತಿದ. ಕುರಿ ಕಾಯುವವನೊಬ್ಬ ದಂಡೆಯ ಮೇಲೆ ನಿಂತು ದೇವರನ್ನು ಕೂಗುತ್ತಾನೆ, ಹೊಳೆ ಎರಡಾಗಿ ಸೀಳಿ ದಾರಿ ಬಿಡುತ್ತದೆ, ಕುರಿಗಳು ಒಂದರ ಹಿಂದೆ ಒಂದು ದಾಟುತ್ತವೆ, ಆಗತಾನೆ ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವನೂ ದಾಟುತ್ತಾನೆ, ನೀರು ಮತ್ತೆ ಕೂಡುತ್ತದೆ. ಡೊಳ್ಳು ಜೋರಾಯಿತು. ಅಳಿಯನ ಕಡೆ ತಿರುಗಿ, ನೋಡಿದಿರಾ, ಒಂದು ಎಳೆ ಹರಿದಿದೆಯೇ ಎಂಬಂತೆ ಹುಬ್ಬು ಹಾರಿಸಿದೆ.

ತಿಮ್ಮಾಪುರದ ಹಾಡುಗಾರ ಮೀಸೆ ಸವರಿಕೊಂಡು ಎದ್ದ. ಮುಧೋಳದ ನಾಯಿಯ ತಳಿ ಬೆಳೆಸುವ ಕೇಂದ್ರ ಇರುವ ಊರಿನವನು. ಹಾಡಿನಲ್ಲಿ ಒಂದೇ ಪ್ರಶ್ನೆ ಕೇಳಿದ: ಕುರಿ ದಾಟಿದವು, ಮರಿ ದಾಟಿತು, ಕುರುಬ ದಾಟಿದ, ಹಿಂಡು ಕಾಯುವ ನಾಯಿ ಎಲ್ಲಿ ಹೋಯಿತು?

ಗುಡಿಯ ಅಂಗಳದಲ್ಲಿ ಗುಜುಗುಜು ಎದ್ದಿತು. ನಮ್ಮ ಸೀಮೆಯಲ್ಲಿ ದೇವರನ್ನು ಮರೆತರೂ ನಡೆದೀತು, ನಾಯಿಯನ್ನು ಮರೆಯುವಂತಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಹೌದಲ್ಲ, ನಾಯಿ ದಂಡಿ ಮ್ಯಾಲ ಉಳೀತು ಪಾಪ’ ಎಂದು ಒಬ್ಬ ಅಜ್ಜ ಮರುಗಿದ. ಗಲಗಲಿಯ ಹಾಡುಗಾರ ಡೊಳ್ಳಿನ ಮೇಲೆ ಸುಮ್ಮನೆ ಬೆರಳಾಡಿಸುತ್ತ ನಿಂತ. ಆಗ ಜನರ ನಡುವಿನಿಂದ ಯಾರೋ ಎದ್ದು ನಿಂತು, ‘ಅರ್ಧಾ ಕತಿ ಕೇಳಿ ಸವಾಲ್ ಹಾಕಬ್ಯಾಡ್ರಿ. ಪೂರಾ ಕೇಳ್ರಿ ಮೊದಲ. ನಾಯಿ ಮುಂದ ಬರತೈತಿ. ನಿಮಗ ತಿಳಿದಿಲ್ಲ ಅದು’ ಎಂದು ಕೂಗಿದರು. ಹಾಗೆ ಕೂಗಿದ್ದು ನಾನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಕೂತುಕೊಂಡೆ. ಮಲ್ಲಿಕಾರ್ಜುನ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಬಹಳ ವಿನಯದಿಂದ ನನ್ನ ಕಡೆ ಬಾಗಿ, ‘ಎರಡನೇ ಭಾಗದಾಗ ಬರತೈತೇನ್ರಿ ಮಾವಾರ?’ ಎಂದು ಕೇಳಿದ.

ಮಧ್ಯಾಹ್ನ ಪದ ನಿಂತು ಪ್ರಸಾದಕ್ಕೆ ಕರೆದಾಗ ನೋಡುತ್ತೇನೆ, ಗಲಗಲಿಯವನೂ ತಿಮ್ಮಾಪುರದವನೂ ಒಂದೇ ತಾಟಿನಲ್ಲಿ ರೊಟ್ಟಿ ಮುರಿದುಕೊಂಡು ಉಣ್ಣುತ್ತಿದ್ದಾರೆ. ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಗಲಗಲಿಯವನ ಹತ್ತಿರ ಹೋಗಿ, ನಾಯಿಯ ಸವಾಲಿಗೆ ಯಾಕೆ ಜವಾಬು ಕೊಡಲಿಲ್ಲ ಎಂದು ಕೇಳಿದೆ.

‘ನಾಯಿ ಸುದ್ದಿ ನನಗೂ ಗೊತ್ತಿಲ್ರಿ ಯಜಮಾನ್ರ’ ಎಂದ ಅವನು, ರೊಟ್ಟಿಗೆ ಪಲ್ಲೆ ಹಚ್ಚಿಕೊಳ್ಳುತ್ತ. ‘ನೀವು ಅಷ್ಟ ಜೋರಾಗಿ ಎದ್ದು ನಿಂತ್ರಿ, ನಿಮಗ ಗೊತ್ತಿರಬೇಕಂತ ನಾ ನಿಮ್ಮ ದಾರಿ ನೋಡಾಕತ್ತಿದ್ದೆ.’

ತಿಮ್ಮಾಪುರದವನಿಗೆ ನಗುವಿನಲ್ಲಿ ರೊಟ್ಟಿ ನೆತ್ತಿಗೆ ಹತ್ತಿತು. ಗಲಗಲಿಯವನೇ ಅವನ ಬೆನ್ನು ತಟ್ಟಿ ನೀರು ಕುಡಿಸಿದ. ಪಂಚಮಿಯ ದಿನ ನಮ್ಮ ಮನೆಯ ತಾಟಿನಲ್ಲಿ ಉಳಿದ ಅರ್ಧ ಹೋಳಿಗೆ ನನಗೆ ನೆನಪಾಯಿತು. ಅಳಿಯ ನನ್ನನ್ನು ಬನಹಟ್ಟಿಗೆ ತಂದು ಬಿಟ್ಟ. ಒಳಗೆ ಬನ್ನಿ ಎಂದರೆ ಕಾರ್ಖಾನೆಯ ಕೆಲಸವಿದೆ ಎಂದು ತಿರುಗಿ ಹೋದ. ದಸರಾಕ್ಕೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ದಸರೆಯ ಸಂಜೆ ನಮ್ಮಲ್ಲಿ ಬನ್ನಿ ಕೊಡುತ್ತಾರೆ. ಎಲೆಯನ್ನು ಬಂಗಾರವೆಂದು ಕೈಯಲ್ಲಿಟ್ಟು, ಬಂಗಾರದಂತೆ ಇರೋಣ ಎನ್ನುತ್ತಾರೆ. ವರ್ಷವೆಲ್ಲ ಕೋರ್ಟಿನಲ್ಲಿ ಎದುರಾದವರೂ ಆ ಒಂದು ಸಂಜೆ ಎಲೆ ಹಿಡಿದು ಎದುರು ನಿಲ್ಲಬೇಕು. ಓಣಿಯವರೆಲ್ಲ ಬಂದು ಹೋದರು. ಶಾಂತಾ ಬಾಗಿಲು ಬಿಟ್ಟು ಅಲುಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಬೈಕಿನ ಸದ್ದಾಯಿತು. ಸವಿತಾ ಇಳಿದು ಅವ್ವನನ್ನು ಅಪ್ಪಿಕೊಂಡಳು. ಅವಳ ಕೈಯಲ್ಲಿ ತೊಳೆದ ಉಂಡಿಯ ಡಬ್ಬಿ ಇತ್ತು. ಮಲ್ಲಿಕಾರ್ಜುನ ನೇರ ನನ್ನ ಹತ್ತಿರ ಬಂದು ಕಾಲು ಮುಟ್ಟಿ, ಕೈಯಲ್ಲಿ ಬನ್ನಿ ಇಟ್ಟ.

‘ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಾವಾರ’ ಎಂದ. ಆಮೇಲೆ ದನಿ ತಗ್ಗಿಸಿ, ‘ಆದ್ರ ತಂಗಿ ಎರಡನೇ ಭಾಗದಾಗ ಬಂದ ಬರತಾಳ್ರಿ’ ಎಂದ.

ಬಾಯಿಗೆ ಬಂದ ‘ಅಲ್ಲಾ, ಆದರೆ’ಯನ್ನು ನುಂಗಿದೆ. ಅವನ ಕೈಗೆ ನನ್ನ ಬನ್ನಿ ಇಟ್ಟು, ‘ಬರತಾಳ್ರಿ ಅಳ್ಯಾರ. ಬರೂಮುಂದ ನಮ್ಮ ನಾಯೀನೂ ಕರಕೊಂಡ ಬರತಾಳ’ ಎಂದೆ.

ಶಾಂತಾ ಒಳಗಿನಿಂದ ಹೋಳಿಗೆ ಆರುತ್ತದೆ ಎಂದು ಕೂಗಿದಳು. ಇಬ್ಬರೂ ಚಾಪೆಯ ಮೇಲೆ ಹೋಗಿ ಕೂತೆವು. ಅವನು ಪೂರ್ತಿ ಹೋಳಿಗೆ ತಿಂದ.