ದೋಷಾರೋಪದಲ್ಲಿ ಬಿಟ್ಟುಹೋದ ಮೂರು ಸಾಲು

ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇದ್ದಾಗ ನಾನು ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಅಭಿಯೋಜಕನಾಗಿದ್ದೆ. ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರದ ಪರವಾಗಿ ಕ್ರಿಮಿನಲ್ ಮೊಕದ್ದಮೆ ನಡೆಸುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದ ಅನುಭವ, ಅದಕ್ಕೆ ತಕ್ಕಷ್ಟು ಜಂಬ. ಆ ಜಂಬ ಇಳಿಸಿದ ಪ್ರಕರಣವಿದು.

ಗಂಗಾವತಿ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಒಣಗಿಸುವ ಹೆಣ್ಣುಮಗಳು. ಆಕೆಯ ಹೆಸರು ಹೇಳಲು ಕಾನೂನು ಬಿಡುವುದಿಲ್ಲ, ಶಾಂತವ್ವ ಅಂದುಕೊಳ್ಳೋಣ. ಆಕೆಯ ಮೇಲೆ ಅತ್ಯಾಚಾರ ಮಾಡಿದವನು ಅದೇ ಗಿರಣಿಗೆ ಬರುತ್ತಿದ್ದ ಲಾರಿ ಚಾಲಕ. ಇಂಥದೇ ಅಪರಾಧಕ್ಕೆ ಹಿಂದೆ ಏಳು ವರ್ಷ ಜೈಲಿನಲ್ಲಿದ್ದು ಬಂದವನು. ಆ ಮೊಕದ್ದಮೆಯನ್ನೂ ನಾನೇ ನಡೆಸಿದ್ದೆ.

ಶಾಂತವ್ವನ ಪಾಟೀಸವಾಲು ಎರಡು ದಿನ ನಡೆಯಿತು. ಗಿರಣಿಯ ಬಾಗಿಲು ಯಾವ ಕಡೆ ತೆರೆಯುತ್ತದೆ, ಅಂದು ಕೈಯಲ್ಲಿ ಎಷ್ಟು ಬಳೆ ಇದ್ದವು, ಏನು ಕೇಳಿದರೂ ಆಕೆ ತಡವರಿಸಲಿಲ್ಲ. ಆರೋಪಿ ತಪ್ಪಿತಸ್ಥ ಎಂದು ತೀರ್ಮಾನವಾಯಿತು. ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಬಂದಾಗ ನಾನು ಹಳೆಯ ತೀರ್ಪಿನ ಪ್ರತಿ ಹಾಜರುಪಡಿಸಿ, ಇದು ಎರಡನೆಯ ಸಲ ಎಂದೆ. ಸಾಯುವವರೆಗೂ ಜೈಲು ಎಂದು ಆದೇಶವಾಯಿತು. ಸಹೋದ್ಯೋಗಿಗಳು ಕೈ ಕುಲುಕಿದರು. ಅಂದು ನಾನು ನಿಜಕ್ಕೂ ಬೀಗಿದ್ದೆ.

ಆರೋಪಿ ಹೈಕೋರ್ಟಿಗೆ ಮೇಲ್ಮನವಿ ಹಾಕಿದ. ಧಾರವಾಡದ ಪೀಠದ ಮುಂದೆ ವಿಚಾರಣೆಯ ದಿನ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಶಾಂತವ್ವನ ಸಾಕ್ಷ್ಯದ ಬಗ್ಗೆ ನ್ಯಾಯಮೂರ್ತಿಗಳಿಗೆ ಅನುಮಾನವೇ ಇರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಿಂದಿನ ಶಿಕ್ಷೆಯ ವಿಷಯ ದೋಷಾರೋಪದಲ್ಲಿ ಎಲ್ಲಿದೆ?"

ದೋಷಾರೋಪವೆಂದರೆ ವಿಚಾರಣೆಗೆ ಮೊದಲು ಆರೋಪಿಗೆ ಓದಿ ಹೇಳುವ ಪಟ್ಟಿ. ಹಳೆಯ ಶಿಕ್ಷೆಯ ಆಧಾರದ ಮೇಲೆ ಹೆಚ್ಚಿನ ಶಿಕ್ಷೆ ಕೇಳುವುದಾದರೆ ಆ ಹಳೆಯ ಶಿಕ್ಷೆ ಯಾವುದು, ಎಲ್ಲಿ, ಯಾವಾಗ ಆಯಿತು ಎಂಬುದು ಅದರಲ್ಲಿರಬೇಕು. ಬಿಟ್ಟುಹೋಗಿದ್ದರೆ ಶಿಕ್ಷೆ ವಿಧಿಸುವ ಮುನ್ನ ಸೇರಿಸಿಕೊಳ್ಳಬಹುದು. ಆಮೇಲೆ ಆರೋಪಿ ಅದನ್ನು ಒಪ್ಪುತ್ತಾನೋ ಇಲ್ಲವೋ ಕೇಳಬೇಕು. ನಮ್ಮ ನ್ಯಾಯಾಲಯದಲ್ಲಿ ಗುಮಾಸ್ತನಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಅವನ ಚರಿತ್ರೆ ಗೊತ್ತಿತ್ತು. ಅದಕ್ಕೇ ಬರೆಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅಪರಾಧ ಸಾಬೀತಾಗಿದೆ ಎಂಬುದನ್ನು ಹೈಕೋರ್ಟ್ ಎತ್ತಿಹಿಡಿಯಿತು. ಹೆಚ್ಚಿನ ಶಿಕ್ಷೆಯನ್ನು ಮಾತ್ರ ರದ್ದು ಮಾಡಿ ಹನ್ನೆರಡು ವರ್ಷಕ್ಕೆ ಇಳಿಸಿತು. ತೀರ್ಪು ಕೇಳಿ ನನಗೆ ನ್ಯಾಯಮೂರ್ತಿಗಳ ಮೇಲೆ ಕೆಂಡದಂಥ ಸಿಟ್ಟು ಬಂತು. ಬಸ್ಸು ಗದಗ ದಾಟುವಷ್ಟರಲ್ಲಿ ಅದು ನನ್ನ ಮೇಲೇ ತಿರುಗಿತು. ಎಂಥ ಆರೋಪಿಗಾದರೂ ಏನು ಕಾದಿದೆ ಎಂದು ಮೊದಲೇ ತಿಳಿಸಬೇಕು. ನ್ಯಾಯಮೂರ್ತಿಗಳು ನೋಡಿದ್ದು ಅದನ್ನೇ.

ಮರುದಿನ ಗಿರಣಿಗೆ ಹೋಗಿ ಶಾಂತವ್ವನಿಗೆ ನಾನೇ ಹೇಳಿದೆ. ಆಕೆ ಭತ್ತ ಹರವುವುದನ್ನು ನಿಲ್ಲಿಸಿದಳು.

"ಅಂವಾ ಮೊದ್ಲ ಒಮ್ಮೆ ಜೇಲಿಗಿ ಹೋಗಿದ್ದು ಊರಿಗೆಲ್ಲ ಗೊತ್ತೈತಿ. ಆ ದೊಡ್ಡ ಕೋರ್ಟಿಗಿ ಅಷ್ಟ ಗೊತ್ತಿಲ್ಲೇನ್ರಿ?"

"ಗೊತ್ತಿದ್ರ ಸಾಲೂದಿಲ್ಲ ತಂಗಿ, ಕಾಗದದಾಗ ಬರ್ದಿರಬೇಕು. ಮೂರು ಸಾಲು."

ಆಕೆ ಬೆರಳು ಮಡಿಚಿ ಎಣಿಸಿದಳು. "ಹನ್ನೆರಡು ವರ್ಷ ಮುಗಿಸಿ ಅಂವಾ ಹೊರಗ ಬರೂದ್ರಾಗ ನನ್ನ ಮಗಳಿಗೆ ಹದಿನೆಂಟು ತುಂಬ್ತಾವ್ರಿ," ಅಂದಳು. ಆಮೇಲೆ, "ಎರಡು ದಿನ ನಿಂದ್ರಿಸಿ ಕೇಳಿದ್ರು. ನನ್ನ ಮಾತಿನ್ಯಾಗ ಏನರ ಬಿಟ್ಟುಹೋಗಿತ್ತೇನ್ರಿ ಸಾಹೇಬ್ರ?"

"ಇಲ್ಲವ್ವಾ. ನೀ ಏನೂ ಬಿಟ್ಟಿಲ್ಲ. ಬಿಟ್ಟಾಂವ ನಾನು."

ಉಳಿದ ಸೇವೆಯುದ್ದಕ್ಕೂ ಯಾವ ಕಡತ ಬಂದರೂ, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನೇ ಮೊದಲು ಕಾಗದಕ್ಕೆ ಇಳಿಸಿದೆ. ವೃತ್ತಿ ನನಗೆ ಕಲಿಸಿದ್ದು ಅಷ್ಟು. ನಾನು ಅದನ್ನು ಕಲಿಯುವುದಕ್ಕೆ ಶಾಂತವ್ವ ತನ್ನ ಮಗಳ ವಯಸ್ಸು ಎಣಿಸಬೇಕಾಯಿತು.